ಹಳೆಯ ಕಾರಿಗೆ ಹೊಸ ಹೆಡರ್: ಅಳವಡಿಸುವ ಮುನ್ನ ತಿಳಿದಿರಬೇಕಾದ ವಿಷಯಗಳು



ನಂಗವಳ್ಳಿ, ಮೆಟ್ಟೂರು, ಧರ್ಮಪುರಿ, ಹೊಸೂರು ಕಡೆಯ ನಮ್ಮ ಸದಸ್ಯರಲ್ಲಿ ಕೆಲವರ ಮನೆಗಳಲ್ಲಿ ಹಿರಿಯರು ಬಿಟ್ಟುಹೋದ ಹಳೆಯ ಕಾರುಗಳು ಇಂದಿಗೂ ಇವೆ. ರಾಜ್ಯೋತ್ಸವದ ಮೆರವಣಿಗೆಗೆ ಅವುಗಳನ್ನು ತೊಳೆದು, ಹೂವಿನ ಹಾರ ಹಾಕಿ, ಬಾವುಟ ಕಟ್ಟಿ ತರುವ ರೂಢಿಯೂ ಇದೆ. ಈಚೆಗೆ ಮನೆಯ ಯುವಕರು ಇಂಥ ಕಾರುಗಳಿಗೆ ಹೊರಗಿನಿಂದ ಕೊಂಡ ಎಕ್ಸಾಸ್ಟ್ ಹೆಡರ್ ಹಾಕಿಸಬೇಕೆಂದು ಆಸೆಪಡುತ್ತಿದ್ದಾರೆ. ಇದರಿಂದ ಪಿಕಪ್ ಹೆಚ್ಚುತ್ತದೆಯೇ, ಇಂಜಿನ್ನಿಗೆ ತೊಂದರೆಯಾದೀತೇ, ಪೊಲೀಸರು ಹಿಡಿಯುತ್ತಾರೆಯೇ ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಪ್ರತಿ ತೆಗೆದಿಟ್ಟುಕೊಂಡು ಗ್ಯಾರೇಜಿಗೆ ಹೋಗುವಾಗ ಜೊತೆಗೆ ಒಯ್ಯಬಹುದು.

1. ಹೆಡರ್ ಎಂದರೇನು?

ಇಂಜಿನ್ನಿನ ಹೆಡ್ಡಿನಿಂದ ಹೊಗೆ ಹೊರಬರುವ ಕಡೆ ಕಾರ್ಖಾನೆಯವರು ಎರಕದ ಕಬ್ಬಿಣದ ಒಂದು ಮ್ಯಾನಿಫೋಲ್ಡ್ ಕೂರಿಸಿರುತ್ತಾರೆ. ಅದು ಅಗ್ಗ, ಗಟ್ಟಿ, ಸದ್ದು ಕಡಿಮೆ, ನಲವತ್ತು ವರ್ಷ ಬಾಳುತ್ತದೆ. ಆದರೆ ನಾಲ್ಕು ಸಿಲಿಂಡರಿನ ಹೊಗೆಯೂ ಒಂದೇ ಗಿಡ್ಡ ಗೂಡಿನೊಳಗೆ ನುಗ್ಗುತ್ತದೆ. ಅದರ ಬದಲು ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಉಕ್ಕಿನ ಕೊಳವೆ ಕೊಟ್ಟು, ಸ್ವಲ್ಪ ದೂರ ಹೋದ ಮೇಲೆ ಅವನ್ನು ಕೂಡಿಸಿದರೆ ಅದೇ ಹೆಡರ್. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದನ್ನು 'ಬೆಂಡ್ ಪೈಪು' ಎಂದೂ ಕರೆಯುತ್ತಾರೆ. ಬರೀ 'ಸೈಲೆನ್ಸರ್ ಬದಲಿಸಿ' ಎಂದರೆ ಹಿಂದಿನ ಡಬ್ಬಿಯ ತನಕ ಎಲ್ಲವನ್ನೂ ಕಿತ್ತುಹಾಕುವವರಿದ್ದಾರೆ. ಆದ್ದರಿಂದ 'ಮ್ಯಾನಿಫೋಲ್ಡ್ ಮಾತ್ರ, ಸೈಲೆನ್ಸರ್ ಇದ್ದಂತೆ ಇರಲಿ' ಎಂದು ಬಿಡಿಸಿ ಹೇಳಬೇಕು.

ಅದರ ಕೆಲಸ ಹೀಗೆ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ 180 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸಿಲಿಂಡರ್ ಹೊಗೆ ಬಿಡುತ್ತದೆ. ಆದರೆ ಒಂದು ಎಕ್ಸಾಸ್ಟ್ ವಾಲ್ವ್ ತೆರೆದಿರುವುದು 180 ಡಿಗ್ರಿಗಿಂತ ಹೆಚ್ಚು ಹೊತ್ತು. ಹಾಗಾಗಿ ಒಂದು ಸಿಲಿಂಡರ್ ಹೊಗೆ ಬಿಟ್ಟು ಮುಗಿಸುವ ಮೊದಲೇ ಮುಂದಿನದು ಬಿಡಲು ಶುರುಮಾಡುತ್ತದೆ. ಗಿಡ್ಡ ಮ್ಯಾನಿಫೋಲ್ಡಿನಲ್ಲಿ ಈ ಎರಡೂ ಒಂದಕ್ಕೊಂದು ಅಡ್ಡಬರುತ್ತವೆ. ಬೇರೆ ಬೇರೆ ಕೊಳವೆ ಇದ್ದರೆ ಅಡ್ಡಿ ಕಡಿಮೆ. ಅಲ್ಲದೆ, ವೇಗವಾಗಿ ಸಾಗುವ ಹೊಗೆ ತನ್ನ ಹಿಂದೆ ಒತ್ತಡ ತಗ್ಗಿಸಿ ಉಳಿದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಹೆಡರಿನ ಲಾಭ ಇಷ್ಟೇ.

ಹೆಡರುಗಳಲ್ಲಿ ಎರಡು ಬಗೆ:

ಅ) ನಾಲ್ಕು-ಒಂದು: ನಾಲ್ಕು ಕೊಳವೆಗಳೂ ಒಂದೇ ಜಾಗದಲ್ಲಿ ಕೂಡುತ್ತವೆ. ಇಂಜಿನ್ ತುಂಬಾ ವೇಗವಾಗಿ ತಿರುಗುವಾಗ ಇದರ ಲಾಭ ಹೆಚ್ಚು. ರೇಸಿನವರಿಗೆ ಸರಿ.

ಆ) ನಾಲ್ಕು-ಎರಡು-ಒಂದು: ಮೊದಲು ಎರಡೆರಡು ಕೂಡಿ, ಆಮೇಲೆ ಒಂದಾಗುತ್ತವೆ. ಸಿಡಿಯುವ ಕ್ರಮ 1-3-4-2 ಆದರೆ 1 ಮತ್ತು 4, 2 ಮತ್ತು 3 ಜೋಡಿಯಾಗಬೇಕು. ಜೋಡಿಯ ಎರಡು ಸಿಲಿಂಡರುಗಳ ನಡುವೆ 360 ಡಿಗ್ರಿ ಅಂತರ ಇರುವುದರಿಂದ ಅಡ್ಡಬರುವುದಿಲ್ಲ. ಮಧ್ಯಮ ವೇಗದಲ್ಲಿ ಎಳೆತ ಚೆನ್ನಾಗಿರುತ್ತದೆ. ತೊಪ್ಪೂರು ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಹತ್ತಬೇಕಾದ ನಮ್ಮಂಥವರಿಗೆ ಇದೇ ತಕ್ಕದ್ದು.

ಆಸೆಗೆ ಒಂದು ಮಿತಿ ಇರಲಿ. 40 ಅಶ್ವಶಕ್ತಿಯ ಆಸುಪಾಸಿನ ಹಳೆಯ ಇಂಜಿನ್ನಿಗೆ ಬೇರೇನೂ ಬದಲಿಸದೆ ಹೆಡರ್ ಒಂದನ್ನೇ ಹಾಕಿದರೆ ಎರಡು ಮೂರು ಅಶ್ವಶಕ್ತಿ ಸಿಕ್ಕರೆ ಅದೇ ದೊಡ್ಡದು. ವಾಲ್ವ್ ಸರಿಯಾಗಿ ಕೂರದೆ, ಕಂಪ್ರೆಶನ್ ಬಿದ್ದುಹೋಗಿರುವ ಇಂಜಿನ್ನಿಗೆ ಹೆಡರ್ ಮದ್ದಲ್ಲ. ಅಂಥ ಕಾರಿಗೆ ಆ ಹಣವನ್ನು ಇಂಜಿನ್ ಕೆಲಸಕ್ಕೇ ಹಾಕುವುದು ಮೇಲು.

2. ನಮ್ಮ ಸೀಮೆಯ ಎರಡು ಕಾರುಗಳು

ಹೆಡರ್ ವಿಚಾರ ಬಂದಾಗ ನಮ್ಮ ಭಾಗದಲ್ಲಿ ಎರಡು ಕಾರುಗಳನ್ನು ಮುಖ್ಯವಾಗಿ ನೋಡಬೇಕು.

ಸ್ಟ್ಯಾಂಡರ್ಡ್ ಹೆರಾಲ್ಡ್: ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆ 1961ರಿಂದ ಇದನ್ನು ತಯಾರಿಸಿತು. ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಅದರ ವಿನ್ಯಾಸ ಇಟಲಿಯ ಜಿಯೊವಾನಿ ಮಿಕೆಲೊಟ್ಟಿಯವರದು. 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರುವಾಸಿ ಸ್ಪೋರ್ಟ್ಸ್ ಕಾರು ಇದೇ ಹೆರಾಲ್ಡಿನ ಚಾಸಿ ಮತ್ತು ಇಂಜಿನ್ ವಂಶದ್ದು. ಹಾಗಾಗಿ ಸ್ಪಿಟ್‌ಫೈರಿಗೆಂದು ವಿದೇಶದಲ್ಲಿ ಮಾರುವ ಹೆಡರುಗಳನ್ನು ಹೆರಾಲ್ಡಿಗೆ ತರಿಸುವ ಆಲೋಚನೆ ಬರುವುದು ಸಹಜ. ಈ ಕಾರಿನ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಪೂರ್ತಿ ಬಾಗುವುದರಿಂದ ಕೈಯಾಡಿಸಲು ಜಾಗ ಧಾರಾಳ.

ಇದರಲ್ಲಿ ನೆನಪಿಡಬೇಕಾದ ಸಂಗತಿ ಒಂದಿದೆ. ಗಾಳಿ ಒಳಹೋಗುವ ಇನ್‌ಲೆಟ್ ಮ್ಯಾನಿಫೋಲ್ಡೂ ಹೊಗೆ ಹೊರಬರುವ ಮ್ಯಾನಿಫೋಲ್ಡೂ ಇಂಜಿನ್ನಿನ ಒಂದೇ ಪಕ್ಕದಲ್ಲಿವೆ. ಎರಡಕ್ಕೂ ಒಂದೇ ಪ್ಯಾಕಿಂಗ್, ಎರಡನ್ನೂ ಒಟ್ಟಿಗೆ ಅದುಮುವ ಹಿಡಿಕೆಗಳು. ಹೊಸ ಹೆಡರಿನ ಫ್ಲೇಂಜ್ ದಪ್ಪ ಇನ್‌ಲೆಟ್ ಫ್ಲೇಂಜಿನ ದಪ್ಪಕ್ಕೆ ಸಮ ಇರಲೇಬೇಕು. ಇಲ್ಲದಿದ್ದರೆ ಹಿಡಿಕೆ ಓರೆಯಾಗಿ ಕೂತು ಒಂದು ಬಿಗಿಯಾಗುತ್ತದೆ, ಇನ್ನೊಂದು ಸಡಿಲ ಉಳಿಯುತ್ತದೆ. ಸಡಿಲ ಇನ್‌ಲೆಟ್ ಕಡೆಯಾದರೆ ಗಾಳಿ ನುಗ್ಗಿ ಇಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ಮೆಕ್ಯಾನಿಕ್ ಕಾರ್ಬ್ಯುರೇಟರನ್ನು ಎಷ್ಟು ತಿರುಗಿಸಿದರೂ ಸರಿಹೋಗುವುದಿಲ್ಲ. ಕೆಲಸಕ್ಕೆ ಮೊದಲೇ ಎರಡೂ ಫ್ಲೇಂಜುಗಳ ದಪ್ಪವನ್ನು ವರ್ನಿಯರಿನಿಂದ ಅಳೆದು ಬರೆದಿಟ್ಟುಕೊಳ್ಳಿ.

ಸಿಪಾನಿ ಡಾಲ್ಫಿನ್: ಇದು ನಮ್ಮ ಬೆಂಗಳೂರಿನ ಕಾರು. ಮೂರು ಚಕ್ರದ ಬಾದಲ್ ಮಾಡಿದ ಸಂಸ್ಥೆಯೇ 1980ರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯನ್ನು ತಂದು ಡಾಲ್ಫಿನ್ ಎಂದು ತಯಾರಿಸಿತು. ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಬಾಡಿ, 848 ಸಿಸಿಯ ಅಲ್ಯೂಮಿನಿಯಂ ಇಂಜಿನ್. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಇದಕ್ಕೆ ಮಾರುಕಟ್ಟೆ ಉಳಿಯಲಿಲ್ಲ. ಆದರೆ ಹಗುರವಾದ ಮೈ, ಹಿಂದಿನ ಚಕ್ರದ ಎಳೆತ ಇದ್ದುದರಿಂದ ರ‍್ಯಾಲಿ ಮತ್ತು ರೇಸಿನ ಹುಡುಗರು ಇದನ್ನು ಇಷ್ಟಪಟ್ಟು ಟ್ಯೂನ್ ಮಾಡಿಸಿದರು. ಇಂಗ್ಲೆಂಡಿನಲ್ಲೂ ಈ ರಿಲಯಂಟ್ ಇಂಜಿನ್ನನ್ನು ಕಡಿಮೆ ಖರ್ಚಿನ ರೇಸುಗಳಲ್ಲಿ ಬಳಸಿದವರು ಬಹಳ.

ಡಾಲ್ಫಿನ್‌ನಲ್ಲಿ ಎರಡು ಎಚ್ಚರಿಕೆಗಳು. ಒಂದು, ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಹಳೆಯ ಸ್ಟಡ್ಡನ್ನು ಬಲವಂತವಾಗಿ ತಿರುಗಿಸಿದರೆ ಹೆಡ್ಡಿನ ಮರೆಯೇ ಕಿತ್ತುಬರುತ್ತದೆ. ಎರಡು, ಫೈಬರ್‌ಗ್ಲಾಸ್ ಬಿಸಿ ತಾಳುವುದಿಲ್ಲ. ಹೆಡರಿನ ಕೊಳವೆ ಹತ್ತಿರ ಬಂದರೆ ಬಾಡಿ ಕಮರಿ, ಮೆತ್ತಗಾಗಿ, ಬೆಂಕಿ ಹತ್ತಿಕೊಳ್ಳುವ ಅಪಾಯವೂ ಇದೆ. ಕೊಳವೆಗೂ ಬಾಡಿಗೂ ನಡುವೆ ಅಲ್ಯೂಮಿನಿಯಂ ತಗಡಿನ ತಡೆ ಹಾಕಿಸಿ, ತಗಡಿಗೂ ಬಾಡಿಗೂ ನಡುವೆ ಗಾಳಿಯಾಡುವಷ್ಟು ಸಂದು ಬಿಡಿಸಬೇಕು.

3. ಕೊಳ್ಳುವಾಗ, ಮಾಡಿಸುವಾಗ

ಸಿದ್ಧ ಹೆಡರ್ ಕೊಳ್ಳುವವರು ಹಳೆಯ ಪ್ಯಾಕಿಂಗನ್ನು ಜೊತೆಗಿಟ್ಟುಕೊಂಡು ಫ್ಲೇಂಜಿನ ತೂತುಗಳ ಮೇಲೆ ಇಟ್ಟು ನೋಡಿ. ಕೊಳವೆಯ ಬಾಯಿ ಹೆಡ್ಡಿನ ಬಾಯಿಗಿಂತ ತುಸು ದೊಡ್ಡದಿದ್ದರೆ ಚಿಂತೆಯಿಲ್ಲ. ಚಿಕ್ಕದಿದ್ದರೆ ಹೊಗೆ ಅಲ್ಲೇ ತಡೆಯುತ್ತದೆ. ವಿದೇಶದಿಂದ ತರಿಸುವವರು ಸ್ಟಿಯರಿಂಗ್ ಬಲಗಡೆ ಇರುವ ಕಾರಿಗೆ ಮಾಡಿದ್ದೇ ಎಂದು ಮೊದಲೇ ಕೇಳಿಕೊಳ್ಳಿ. ಎಡಗಡೆಯದಾದರೆ ಕೊಳವೆ ಸ್ಟಿಯರಿಂಗ್ ದಂಡಕ್ಕೆ ತಾಗಬಹುದು.

ಇಲ್ಲೇ ಮಾಡಿಸುವವರು ಸಾದಾ ಉಕ್ಕು ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಆರಿಸಿಕೊಳ್ಳಬಹುದು. ಸೇಲಂ ಉಕ್ಕಿನ ಕಾರ್ಖಾನೆಯ ದೆಸೆಯಿಂದ ನಮ್ಮ ಜಿಲ್ಲೆಯವರಿಗೆ ಸ್ಟೇನ್‌ಲೆಸ್ ಹೊಸ ಮಾತಲ್ಲ. ಆದರೆ ಅದು ಬಿಸಿಗೆ ಸಾದಾ ಉಕ್ಕಿಗಿಂತಲೂ ಎರಕದ ಕಬ್ಬಿಣಕ್ಕಿಂತಲೂ ಹೆಚ್ಚು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಸ್ಟೇನ್‌ಲೆಸ್ ಕೊಳವೆ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು 4 ಮಿ.ಮೀ. ಉದ್ದವಾಗುತ್ತದೆ. ಪೂರ್ಣ ಹೊರೆಯಲ್ಲಿ ಹೊಗೆಯ ಉಷ್ಣತೆ 700 ಡಿಗ್ರಿ ದಾಟಬಹುದು. ಎಲ್ಲವನ್ನೂ ಬೆಸುಗೆ ಹಾಕಿ ಬಿಗಿದುಬಿಟ್ಟರೆ ಹಿಗ್ಗಲು ಜಾಗವಿಲ್ಲದೆ ಬೆಸುಗೆ ಬಿರಿಯುತ್ತದೆ. ಒಂದರೊಳಗೊಂದು ಜಾರುವ ಜೋಡಣೆ ಒಂದಾದರೂ ಇರಲಿ.

ಸಾದಾ ಉಕ್ಕಿಗೆ ಬಿಸಿ ತಾಳುವ ಬಣ್ಣ ಬೇಕು. ಕೊಳವೆಗೆ ಬಟ್ಟೆಯ ಪಟ್ಟಿ ಸುತ್ತುವವರು ಗಮನಿಸಿ: ಮಳೆಗಾಲದಲ್ಲಿ ಅದು ನೀರು ಹಿಡಿದು ಒಳಗೊಳಗೇ ತುಕ್ಕು ತರಿಸುತ್ತದೆ.

ಫ್ಲೇಂಜ್ ಕನಿಷ್ಠ 8 ಮಿ.ಮೀ. ದಪ್ಪ ಇರಲಿ. ಬೆಸುಗೆಯ ಬಿಸಿಗೆ ಫ್ಲೇಂಜ್ ಸೊಟ್ಟಗಾಗುವುದು ಸಾಮಾನ್ಯ. ಬೆಸುಗೆ ಮುಗಿದ ಮೇಲೆ ಮಿಲ್ಲಿಂಗ್ ಮೆಶಿನ್ನಿನಲ್ಲಿ ಮುಖವನ್ನು ಮಟ್ಟ ಮಾಡಿಸಬೇಕು. ಈ ಒಂದು ಕೆಲಸ ತಪ್ಪಿಸಿದರೆ ಎಂಥ ಪ್ಯಾಕಿಂಗ್ ಹಾಕಿದರೂ ಸೋರುತ್ತದೆ. ಅಂದಾಜು ಖರ್ಚನ್ನು ಬರಹದಲ್ಲಿ ಪಡೆಯಿರಿ. ಮಿಲ್ಲಿಂಗ್, ಪ್ಯಾಕಿಂಗ್, ಹೊಸ ಸ್ಟಡ್, ಟ್ಯೂನಿಂಗ್ ಎಲ್ಲವೂ ಅದರಲ್ಲಿ ಸೇರಿದೆಯೇ ನೋಡಿ.

4. ಕಳಚುವುದು

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ಅರ್ತ್ ವೈರ್ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆಯನ್ನು ನಟ್ಟುಗಳಿಗೆ ಎರಡು ದಿನ ಮೊದಲಿನಿಂದಲೇ ಬೆಳಿಗ್ಗೆ ಸಂಜೆ ಹಾಕುತ್ತ ಬನ್ನಿ. ತಾಳ್ಮೆಯೇ ಇಲ್ಲಿ ಮುಖ್ಯ ಸಾಮಾನು. ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ ಜಗ್ಗಬಾರದು. ನಟ್ಟನ್ನು ಸ್ವಲ್ಪ ಬಿಗಿಮಾಡಿ, ಸ್ವಲ್ಪ ಸಡಿಲಿಸಿ, ಹೀಗೆ ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕು.

ಸ್ಟಡ್ ಮುರಿದರೆ ಗಾಬರಿ ಬೇಡ. ತುಂಡು ಹೊರಗೆ ಉಳಿದಿದ್ದರೆ ಅದರ ಮೇಲೊಂದು ನಟ್ಟು ಬೆಸೆದು ತಿರುಗಿಸಬಹುದು. ಒಳಗೇ ಮುರಿದಿದ್ದರೆ ನಡುಮಧ್ಯಕ್ಕೆ ಡ್ರಿಲ್ ಮಾಡಬಲ್ಲ ಲೇತ್‌ನವರ ಬಳಿಗೇ ಹೋಗಿ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಮರೆ ಹಾಳಾಗಿದ್ದರೆ ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಿ ಉಳಿಸಿಕೊಳ್ಳಬಹುದು.

ತೆಗೆದ ಹಳೆಯ ಮ್ಯಾನಿಫೋಲ್ಡನ್ನು ಗುಜರಿಗೆ ಕೊಡಬೇಡಿ. ಹಳೆಯ ಸಾಮಾನಿನವರು ತೂಕಕ್ಕೆ ಕೊಡುವ ಕಾಸು ಅಲ್ಪ. ಮುಂದೆ ಬೇಕೆಂದರೆ ಹೆರಾಲ್ಡ್, ಡಾಲ್ಫಿನ್ ಕಾರುಗಳ ಮ್ಯಾನಿಫೋಲ್ಡ್ ಹುಡುಕಿದರೂ ಸಿಗುವುದು ಕಷ್ಟ. ಗ್ರೀಸ್ ಸವರಿ, ಚೀಲದಲ್ಲಿ ಸುತ್ತಿ, ಕಾರಿನ ಹೆಸರು ಬರೆದ ಚೀಟಿ ಕಟ್ಟಿ ಅಟ್ಟದ ಮೇಲಿಡಿ. ಮನಸ್ಸು ಬದಲಾದರೆ ಕಾರು ಮತ್ತೆ ಮೊದಲಿನಂತಾಗಲು ಅದೊಂದೇ ದಾರಿ.

5. ಕೂರಿಸುವುದು

(1) ಮೊದಲು ಪ್ಯಾಕಿಂಗ್ ಇಲ್ಲದೆ ಕೂರಿಸಿ ನೋಡಿ. ಸ್ಟಿಯರಿಂಗ್ ದಂಡ, ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಸ್ಟಾರ್ಟರ್ ಮೋಟಾರಿನ ವೈರು, ಕ್ಲಚ್ ಭಾಗ ಇವೆಲ್ಲಕ್ಕೂ ಕೊಳವೆಗೂ ನಡುವೆ ಎರಡು ಬೆರಳಿನಷ್ಟಾದರೂ ಅಂತರ ಬೇಕು. ಇಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ಓಡುವಾಗ ಅಲುಗಾಡುತ್ತದೆ ಎಂಬುದು ನೆನಪಿರಲಿ.

(2) ಹೆಡ್ಡಿನ ಮುಖದ ಮೇಲಿನ ಹಳೆಯ ಪ್ಯಾಕಿಂಗನ್ನು ಕೆರೆದು ಸ್ವಚ್ಛ ಮಾಡಿ. ಅಲ್ಯೂಮಿನಿಯಂ ಆದರೆ ಉಕ್ಕಿನ ಉಳಿ ಬಳಸಬೇಡಿ, ಗೀರು ಬೀಳುತ್ತದೆ. ಹಳೆಯ ಕಾಲದ ಪ್ಯಾಕಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒಣಗಿದ್ದನ್ನು ಕೆರೆದು ಊದಬೇಡಿ. ನೀರು ಹಚ್ಚಿ ಒದ್ದೆ ಮಾಡಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ತೆಗೆಯಿರಿ.

(3) ಹೊಸ ಪ್ಯಾಕಿಂಗ್, ಹೊಸ ಸ್ಟಡ್, ಹಿತ್ತಾಳೆ ನಟ್ಟು ಹಾಕಿ. ಹಿತ್ತಾಳೆ ನಟ್ಟು ತುಕ್ಕಿಗೆ ಕಚ್ಚಿಕೊಳ್ಳುವುದಿಲ್ಲ.

(4) ಎಲ್ಲ ನಟ್ಟುಗಳನ್ನೂ ಕೈಯಲ್ಲೇ ಕೂರಿಸಿ, ಹಿಂದಿನ ಪೈಪಿನ ಜೋಡಣೆ ನೇರವಾಗಿದೆಯೇ ನೋಡಿದ ಮೇಲೆ ಬಿಗಿಮಾಡಿ. ನಡುವಿನಿಂದ ಶುರುಮಾಡಿ ಎರಡೂ ತುದಿಗೆ, ಎರಡು ಮೂರು ಸುತ್ತಿನಲ್ಲಿ. ಎಷ್ಟು ಬಿಗಿ ಎಂಬುದಕ್ಕೆ ಕಾರಿನ ಕೈಪಿಡಿಯ ಅಂಕಿಯೇ ಪ್ರಮಾಣ. ಟಾರ್ಕ್ ಪಾನಾ ಇರುವ ಗ್ಯಾರೇಜಿನಲ್ಲೇ ಮಾಡಿಸಿ.

(5) ಹೆಡರಿನ ಭಾರವನ್ನೆಲ್ಲ ಸ್ಟಡ್ಡುಗಳೇ ಹೊರಬಾರದು. ಗೇರ್‌ಬಾಕ್ಸಿನ ಬಳಿ ಒಂದು ಆಧಾರ ಕೊಡಿಸಿ.

(6) ಮೊದಲ ಬಾರಿ ಬಿಸಿಯಾಗಿ ತಣ್ಣಗಾದ ಮೇಲೆ ಒಮ್ಮೆ, ಸುಮಾರು 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನಟ್ಟುಗಳ ಬಿಗಿ ಪರೀಕ್ಷಿಸಿ.

6. ಸೋರಿಕೆ: ಜೀವದ ಪ್ರಶ್ನೆ

ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆಯ ಕಾರುಗಳಲ್ಲಿ ಇಂಜಿನ್ನಿಗೂ ಒಳಗಿನ ಆಸನಕ್ಕೂ ನಡುವಿನ ತಗಡಿನಲ್ಲಿ ವೈರು, ಕೇಬಲ್ ಹೋಗುವ ತೂತುಗಳ ರಬ್ಬರ್ ಕಳಚಿಹೋಗಿರುತ್ತದೆ. ಹೆಡರಿನ ಬುಡದಲ್ಲಿ ಸೋರಿದ ಹೊಗೆ ಆ ದಾರಿಯಲ್ಲಿ ಒಳಬರುತ್ತದೆ. ಹಿಂದಿನ ಆಸನದಲ್ಲಿ ಮಕ್ಕಳು ನಿದ್ದೆ ಹೋಗಿದ್ದಾರೆಂದು ನಾವು ಅಂದುಕೊಳ್ಳುತ್ತೇವೆ. ಅದು ನಿದ್ದೆಯೋ ವಿಷವೋ ತಿಳಿಯುವುದಿಲ್ಲ. ತಲೆನೋವು, ವಾಕರಿಕೆ, ಮಂಪರು ಕಂಡರೆ ತಕ್ಷಣ ಗಾಡಿ ನಿಲ್ಲಿಸಿ ಎಲ್ಲರೂ ಹೊರಗಿಳಿದು ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆ ಸುಲಭ. ಇಂಜಿನ್ ಚಾಲೂ ಮಾಡಿದ ಕೂಡಲೇ, ಕೊಳವೆ ಬಿಸಿಯೇರುವ ಮೊದಲು, ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿ. ಇನ್ನೊಬ್ಬರು ಹಿಂದಿನ ಪೈಪಿನ ಬಾಯಿಯನ್ನು ದಪ್ಪ ಬಟ್ಟೆಯಿಂದ ಒಂದೆರಡು ಕ್ಷಣ ಅದುಮಲಿ. ಗುಳ್ಳೆ ಎದ್ದರೆ, ಬುಸ್ ಎಂದರೆ ಅಲ್ಲಿ ಸೋರುತ್ತಿದೆ. ಈ ಪರೀಕ್ಷೆಯನ್ನು ಬಯಲಿನಲ್ಲೇ ಮಾಡಿ, ಮುಚ್ಚಿದ ಷೆಡ್ಡಿನಲ್ಲಿ ಬೇಡ. ತಗಡಿನ ತೂತುಗಳಿಗೆ ಹೊಸ ರಬ್ಬರ್ ಹಾಕಿಸುವುದನ್ನೂ ಇದೇ ಸಮಯದಲ್ಲಿ ಮುಗಿಸಿ.

7. ಕಾರ್ಬ್ಯುರೇಟರ್ ಮತ್ತು ಇಂದಿನ ಪೆಟ್ರೋಲ್

ಹೊಗೆ ಸಲೀಸಾಗಿ ಹೊರಹೋದರೆ ಗಾಳಿ ಹೆಚ್ಚು ಒಳಬರುತ್ತದೆ. ಕಾರ್ಬ್ಯುರೇಟರಿನ ಜೆಟ್ ಹಳೆಯದೇ ಉಳಿದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದೆ ಮಿಶ್ರಣ ತೆಳುವಾಗಬಹುದು. ಇದರ ಮೇಲೆ ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು. ಅಂದರೆ ಹಳೆಯ ಜೆಟ್ಟಿನಲ್ಲಿ ಅದು ತಾನಾಗಿಯೇ ತೆಳು. ಎರಡೂ ಕೂಡಿದರೆ ಇಂಜಿನ್ ವಿಪರೀತ ಬಿಸಿಯಾಗಿ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಹೆಡರ್ ಹಾಕಿಸಿ ಜೆಟ್ ನೋಡದವರ ಹಣ ಎರಡು ಪಟ್ಟು ಹೋಗುವುದು ಇಲ್ಲೇ.

ಸ್ಪಾರ್ಕ್ ಪ್ಲಗ್ ತೆಗೆದು ಬಣ್ಣ ನೋಡಿ. ತಿಳಿಗಂದು ಇದ್ದರೆ ಸರಿ. ಬಿಳಿಯಾಗಿದ್ದರೆ ಮಿಶ್ರಣ ತೆಳು, ಜೆಟ್ ಒಂದು ಅಳತೆ ದೊಡ್ಡದು ಬೇಕು. ಕರಿಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಎಥನಾಲಿಗೆ ಹಳೆಯ ರಬ್ಬರ್ ಪೈಪು ಕರಗಿ ಬಿರುಕು ಬಿಡುತ್ತದೆ. ಬಿಸಿ ಹೆಡರಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಗತಿಯೇನು? ಎಥನಾಲ್ ತಾಳುವ ಹೊಸ ಪೈಪು ಕಡ್ಡಾಯವಾಗಿ ಹಾಕಿಸಿ. ಇನ್‌ಲೆಟ್ಟೂ ಎಕ್ಸಾಸ್ಟೂ ಒಂದೇ ಪಕ್ಕ ಇರುವ ಕಾರುಗಳಲ್ಲಿ ಕಾರ್ಬ್ಯುರೇಟರ್ ಕೆಳಗೆ ತಗಡಿನ ತಡೆಯೂ ಬೇಕು. ಇಲ್ಲದಿದ್ದರೆ ಏಪ್ರಿಲ್ ಬಿಸಿಲಿನಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ.

8. ಕಾನೂನು ಮತ್ತು ಕಾಗದಪತ್ರ

ಅ) ಸೈಲೆನ್ಸರ್: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಬೇಕು. ಹೆಡರ್ ಹಾಕಿ ಸೈಲೆನ್ಸರ್ ಕಿತ್ತುಹಾಕುವುದು ನೇರ ತಪ್ಪು.

ಆ) ಶಬ್ದ ಮತ್ತು ಹೊಗೆ: ಮೋಟಾರು ವಾಹನ ಕಾಯಿದೆಯ 190(2)ನೇ ಕಲಮಿನಂತೆ ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂ. ವರೆಗೆ ದಂಡ ಅಥವಾ ಎರಡೂ. ಲೈಸೆನ್ಸ್ ಮೂರು ತಿಂಗಳು ಅನರ್ಹ.

ಇ) ಹೊಗೆ ತಪಾಸಣೆ: 2000ದ ಮಾರ್ಚ್ 31ಕ್ಕೆ ಮೊದಲು ತಯಾರಾದ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3. ಟ್ಯೂನಿಂಗ್ ಆದ ಕೂಡಲೇ ತಪಾಸಣೆ ಮಾಡಿಸಿ ಚೀಟಿ ಗಾಡಿಯಲ್ಲಿಡಿ.

ಈ) ಮಾರ್ಪಾಡು: ಕಾಯಿದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ತಡೆ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಕೆಲಸಕ್ಕೆ ಕೈಹಾಕುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಿ, ಸ್ವೀಕೃತಿ ಮುದ್ರೆ ಇರುವ ಪ್ರತಿಯನ್ನು ಇಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ತಪಾಸಣೆಯ ದಿನ ಕೆಲಸಕ್ಕೆ ಬರುವುದಿಲ್ಲ.

ಉ) ವಿಂಟೇಜ್ ನೋಂದಣಿ: ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನಗಳಿಗೆ 2021ರಿಂದ ಪ್ರತ್ಯೇಕ ನೋಂದಣಿ ಇದೆ, ಸಂಖ್ಯೆಯಲ್ಲಿ 'ವಿಎ' ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲೇ ಇರಬೇಕೆಂಬುದು ಷರತ್ತು. ಹೆರಾಲ್ಡ್ ಇರುವವರು ಈ ನೋಂದಣಿ ಬಯಸಿದರೆ ಹೆಡರ್ ಆಸೆ ಬಿಟ್ಟು ಮೂಲ ಮ್ಯಾನಿಫೋಲ್ಡನ್ನೇ ಉಳಿಸಿಕೊಳ್ಳುವುದು ಲೇಸು. ಈ ನೋಂದಣಿಯ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ ಎಂಬುದೂ ಗಮನದಲ್ಲಿರಲಿ.

ಊ) ಗಡಿಯವರಿಗೆ: ಕರ್ನಾಟಕದ ನೋಂದಣಿಯ ಗಾಡಿಯನ್ನು ತಮಿಳುನಾಡಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ 47ನೇ ಕಲಮಿನಂತೆ ಇಲ್ಲಿ ಮರುನೋಂದಣಿ ಆಗಬೇಕು. ಕಾಸರಗೋಡಿನ ಸದಸ್ಯರಿಗೂ ಕೇರಳದಲ್ಲಿ ಇದೇ ನಿಯಮ. ಮರುನೋಂದಣಿಗೆ ಗಾಡಿ ತಪಾಸಣೆಗೆ ಹೋಗುತ್ತದೆ. ಅದು ಬಾಕಿ ಇರುವವರು ಮೊದಲು ಕಾಗದಪತ್ರ ಮುಗಿಸಿ, ಆಮೇಲೆ ಹೆಡರ್ ಮಾತೆತ್ತಿ.

9. ಒಟ್ಟಾರೆ ನಮ್ಮ ಸಲಹೆ

ಮೂಲರೂಪ ಕೆಡದ, 50 ವರ್ಷ ದಾಟಿದ ಕಾರಿಗೆ ಹೆಡರ್ ಬೇಡ. ಮ್ಯಾನಿಫೋಲ್ಡ್ ಬಿರುಕು ಬಿಟ್ಟು, ಬೇರೆ ಸಿಗದೆ ಕಾರೇ ಮೂಲೆ ಸೇರಿದ್ದರೆ ಹೆಡರ್ ಒಂದು ಒಳ್ಳೆಯ ಪರಿಹಾರ. ಆರ್‌ಟಿಒ ಉತ್ತರ ಪಡೆದು, ನಾಲ್ಕು-ಎರಡು-ಒಂದು ಬಗೆಯದನ್ನು, ಸೈಲೆನ್ಸರ್ ಉಳಿಸಿಕೊಂಡು ಹಾಕಿಸಿ. ಬರೀ ಸದ್ದಿನ ಆಸೆಗಾದರೆ ಮನೆಯ ಹಿರಿಯರು ಒಂದು ಮಾತು ಹೇಳಿ ತಡೆಯುವುದೇ ಸರಿ.

ರಾಜ್ಯೋತ್ಸವದ ಮೆರವಣಿಗೆಗೆ ಹಳೆಯ ಕಾರು ತರುವವರು ಆರ್‌ಸಿ, ವಿಮೆ, ಹೊಗೆ ತಪಾಸಣೆ ಚೀಟಿ ಇವುಗಳ ನಕಲನ್ನು ಮುಂಚಿತವಾಗಿ ಸಂಘಕ್ಕೆ ತಲುಪಿಸಬೇಕಾಗಿ ಕೋರುತ್ತೇವೆ. ಮೆರವಣಿಗೆ ಶಾಲೆ, ಆಸ್ಪತ್ರೆ, ದೇವಸ್ಥಾನಗಳ ಮುಂದೆ ಸಾಗುವುದರಿಂದ ಸೈಲೆನ್ಸರ್ ಇಲ್ಲದ ಗಾಡಿಗಳನ್ನು ಸೇರಿಸಿಕೊಳ್ಳಲಾಗುವುದಿಲ್ಲ. ನಾವು ಇಲ್ಲಿ ಕನ್ನಡದ ಬಾವುಟ ಹಿಡಿದು ನಡೆಯುವುದು ನೆರೆಯವರ ಸ್ನೇಹದಿಂದ. ಆ ಬಾವುಟ ಕಟ್ಟಿದ ಗಾಡಿಯಿಂದ ಯಾರ ಮನೆಯ ಕೂಸೂ ಬೆಚ್ಚಿ ಏಳಬಾರದು.

ಇಂತಿ,
ಕಾರ್ಯದರ್ಶಿ, ಸಂಘದ ಪರವಾಗಿ